ಹನ್ನೊಂದನೇ ಪೆಟ್ಟಿಗೆ

ಕಬ್ಬನ್‌ಪೇಟೆಯ ಹದಿನಾಲ್ಕು ತಾರಸಿಗಳ ಮೇಲೆ
ಹದಿನಾಲ್ಕು ಪೆಟ್ಟಿಗೆ ಕಟ್ಟಿದ್ದೆವು.
ಟಿಫಿನ್ ಡಬ್ಬಿಗಿಂತ ಚಿಕ್ಕವು, ಒಂದೊಂದಕ್ಕೂ ಬೆರಳುದ್ದದ ಆಂಟೆನಾ.
ಕೆಲಸ ಬಲು ಸರಳ:
ಪಕ್ಕದ ಮನೆಯ ಪೆಟ್ಟಿಗೆ ಹೇಳಿದ್ದನ್ನು
ಮುಂದಿನ ಮನೆಗೆ ದಾಟಿಸುವುದು.
ಈ ಪೇಟೆಗೆ ಅದೇನು ಹೊಸ ವಿದ್ಯೆಯಲ್ಲ,
ಮಗ್ಗದ ಸದ್ದಿನ ಮೇಲೆ ದನಿಯೆತ್ತಿ
ಕಿಟಕಿಯಿಂದ ಕಿಟಕಿಗೆ ಸುದ್ದಿ ಹೋಗುವ ಜಾಗ.

ಹನ್ನೊಂದನೆಯದು ಮಾತ್ರ
ಬೆಳಿಗ್ಗೆ ಹತ್ತೂವರೆಗೆ ಬಾಯಿ ಮುಚ್ಚುತ್ತಿತ್ತು.
ದಿನಾ ಅಲ್ಲ. ವಾರಕ್ಕೆ ಮೂರು ದಿನ, ಕೆಲವೊಮ್ಮೆ ನಾಲ್ಕು.
ಮಧ್ಯಾಹ್ನ ಎರಡರ ಹೊತ್ತಿಗೆ, ಯಾರೋ ಗದರಿದಂತೆ,
ಮತ್ತೆ ಶುರು: ಮೂವತ್ತೊಂದು ಡಿಗ್ರಿ, ಮೂವತ್ತೊಂದು ಡಿಗ್ರಿ.

ಬ್ಯಾಟರಿ ಬದಲಿಸಿದೆ. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ.
ಗೈಡ್ ಮೇಡಂ ಗ್ರಾಫಿನ ಹಳ್ಳದ ಮೇಲೆ ಬೆರಳಿಟ್ಟು
"ಇದಕ್ಕೆ ಕಾರಣ ಬರೀರಿ, ಇಲ್ಲಾ ಇದನ್ನ ತೆಗೀರಿ" ಅಂದರು.

ಕಾರಣ ಬರೆದವಳು ಸಬೀಹಾ.
ಅವಳದು ಕನ್ನಡ ವಿಭಾಗ. ವೈಜ್ಞಾನಿಕ ಕಥೆಗಳಲ್ಲಿ
ಯಂತ್ರ ಸುಮ್ಮನಾಗುವ ಜಾಗಗಳನ್ನು ಹುಡುಕಿ
ಪೆನ್ಸಿಲ್‌ನಲ್ಲಿ ಗುರುತು ಹಾಕುವುದು ಅವಳ ಸಂಶೋಧನೆ;
ಎರಡು ವರ್ಷದಿಂದ ಅದೇ.
"ಕಥೆಯಲ್ಲಿ ಯಂತ್ರ ಕೆಟ್ಟರೆ ಅದು ಕೆಟ್ಟಿರಲ್ಲ ಕಣೋ,
ಏನನ್ನೋ ಕೇಳಿಸ್ಕೊಳ್ತಿರುತ್ತೆ"
ಎಂದು ಅರ್ಧ ಚಹಾ ನನ್ನ ಲೋಟಕ್ಕೆ ಸುರಿದು
ಅಲ್ಲೇ ಬಿಲ್ಲಿನ ಬೆನ್ನಿಗೆ ಬರೆದಳು:

ಇಸವಿ ಎರಡು ಸಾವಿರದ ನೂರಾ ಎಂಬತ್ತು.
ನೀರಿನಿಂದಾದ ಒಂದು ಜೀವ. ಅದಕ್ಕೆ ಬಾಯಿಲ್ಲ.
ಪೇಟೆಯ ತಾರಸಿಗೆ ಬಂದು ಕೂರುತ್ತದೆ,
ಗಾಳಿಯಲ್ಲಿ ಹೋಗುವ ಮಾತನ್ನೆಲ್ಲ ಕುಡಿಯುತ್ತದೆ,
ಹೊಟ್ಟೆ ತುಂಬಿದ ಮೇಲೆ ಆವಿಯಾಗುತ್ತದೆ.

ನಾನು ನಕ್ಕೆ.
ಹತ್ತು ಗಂಟೆಗೇ ಹೋಗಿ ಕಾಯೋಣ ಅಂದವನೂ ನಾನೇ.

ಕಬ್ಬಿಣದ ಏಣಿ ಹತ್ತಿದರೆ, ವಿಠ್ಠಲಸಾ.
ಮೊಣಕೈವರೆಗೂ ಹಸಿರು.
ಬಣ್ಣದ ಕಡಾಯಿಯಿಂದ ಬಂದ ರೇಷ್ಮೆ ಲಡಿಗಳನ್ನು
ಹಿಂಡಿ, ಕೊಡವಿ, ಬಿದಿರ ಗಳಕ್ಕೆ ಏರಿಸುತ್ತಿದ್ದರು,
ಸಾಲಿನ ಹಿಂದೆ ಸಾಲು, ತೊಟ್ಟಿಕ್ಕುವ ಒಂದು ಗೋಡೆ.
ಗೋಡೆಯ ಆಚೆ ನಮ್ಮ ಪೆಟ್ಟಿಗೆ.

ನೀರು.
ರೇಡಿಯೋ ಅಲೆಯನ್ನು ನೀರು ಹೀರುತ್ತದೆ ಎಂಬುದು
ಐದನೇ ಸೆಮಿಸ್ಟರಿನ ಪಾಠ, ಐದಂಕದ ಪ್ರಶ್ನೆ.
ಉತ್ತರ ಬರೆದು ನಾಲ್ಕೂವರೆ ತಗೊಂಡಿದ್ದೆ.
ಸಬೀಹಾ ನನ್ನ ಕಡೆ ನೋಡಲಿಲ್ಲ.
ನೋಡದೇ ಇರುವುದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತು.

ವಿಷಯ ತಿಳಿಸಿದೆವು. ವಿಠ್ಠಲಸಾ ಕೈ ಒರೆಸಿಕೊಂಡು,
ಪೆಟ್ಟಿಗೆಯನ್ನು ಹೊಸ ಸೊಸೆಯನ್ನು ನೋಡಿದಂತೆ ನೋಡಿ,
"ಯಾವ ಬಣ್ಣ ಜಾಸ್ತಿ ಅಡ್ಡ ಬರುತ್ತೆ?" ಅಂದರು.
ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ ಸಾರ್.
"ಇರುತ್ತೆ. ರಾಣಿ ಪಿಂಕ್ ನೋಡಿ, ಹಠಮಾರಿ.
ಎರಡು ಸಲ ಅದ್ದಬೇಕು. ಸುಲಭಕ್ಕೆ ನೀರು ಬಿಡಲ್ಲ."

ಮೂರು ವಾರ ಅಳೆದೆವು.
ಅರಿಶಿನ: ಮೂರು ಗಂಟೆ ಹತ್ತು ನಿಮಿಷದ ಮೌನ.
ಗಿಣಿಹಸಿರು: ಮೂರೂಕಾಲು.
ರಾಣಿ ಪಿಂಕ್: ನಾಲ್ಕು ಗಂಟೆ, ಮೋಡವಿದ್ದರೆ ಐದು.

ಪ್ರಬಂಧದ ಆರನೇ ಕೋಷ್ಟಕದಲ್ಲಿ
"ಬಣ್ಣ" ಎಂಬ ಕಾಲಂ ಇದೆ.
ಮೇಡಂ ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದರು,
ಒಂದು ದಿನ ಬಿಟ್ಟು ಅವರೇ ಅಳಿಸಿದರು.
ರಬ್ಬರಿನ ಚೂರು ಹಾಳೆಯಲ್ಲೇ ಉಳಿದಿತ್ತು.

ಸಬೀಹಾಳ ಕಥೆ ಇನ್ನೂ ಮುಗಿದಿಲ್ಲ.
ನೀರಿನ ಜೀವಕ್ಕೆ ಈಗ ಕೈ ಬಂದಿವೆ,
ಅದು ಬಿಡುವ ಪ್ರತಿ ಹನಿಗೂ ಒಂದು ಬಣ್ಣ.
ಇದನ್ನು ಅಧ್ಯಾಯದಲ್ಲಿ ಸೇರಿಸಲಾ, ಕಥೆ ಅಂತಲೇ ಬಿಡಲಾ
ಎಂದು ಅವಳು ನನ್ನನ್ನು ಕೇಳುವುದು ತಮಾಷೆ,
ಪಾಠ ಓದಿ ಪಾಸಾಗಿ, ಗೋಡೆ ಕಾಣದವನನ್ನು.

ವೈವಾ ಮುಗಿದು ಎಂಟು ತಿಂಗಳು.
ಹದಿಮೂರು ಪೆಟ್ಟಿಗೆ ಬಿಚ್ಚಿ ತಂದೆವು.
ಹನ್ನೊಂದನೆಯದನ್ನು ವಿಠ್ಠಲಸಾ ಕೊಡಲಿಲ್ಲ,
"ಇರಲಿ ಬಿಡಿ, ಅಭ್ಯಾಸ ಆಗಿದೆ" ಅಂದರು.
ಅದರ ಮಾತು ದಾಟಿಸಲು ಈಗ ಅಕ್ಕಪಕ್ಕ ಯಾರೂ ಇಲ್ಲ.
ಆದರೂ ಇವತ್ತು ಬೆಳಿಗ್ಗೆ ಫೋನು:
"ತಮ್ಮಾ, ರಾಣಿ ಪಿಂಕ್ ಹಾಕ್ತಿದೀನಿ.
ಸಂಜೆ ತನಕ ಸುಮ್ಮನಿರುತ್ತೆ.
ಗಾಬರಿ ಆಗಬೇಡಿ."